ಹೆದ್ದಾರಿ ಹುಟ್ಟುವುದು ಷೆಡ್ಯೂಲ್ ‘ಬಿ’ಯಲ್ಲಿ

ಜಲ್ಲಿ, ಡಾಂಬರು ಬರುವುದಕ್ಕೆ ವರ್ಷಗಳ ಮೊದಲೇ ರಸ್ತೆಯ ಹಣೆಬರಹ ಕಾಗದದ ಮೇಲೆ ತೀರ್ಮಾನವಾಗಿರುತ್ತದೆ. ಪ್ರಾಥಮಿಕ ನಕ್ಷೆಯನ್ನು ನೆಲಕ್ಕೆ ಹೊಂದಿಸಿ ತಿದ್ದಬೇಕೆಂದು ಕರಾರು ಹೇಳುತ್ತದೆ. ಆದರೆ ತಿದ್ದಲು ಕೂರುವ ಹೊತ್ತಿಗೆ ತಿದ್ದುವುದಕ್ಕೆ ಉಳಿದಿರುವುದೆಷ್ಟು?

2025ರ ಮೇ 19ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ನಿರ್ಮಾಣದ ಹಂತದಲ್ಲಿದ್ದ ರಾಷ್ಟ್ರೀಯ ಹೆದ್ದಾರಿ 66ರ ಒಂದು ಭಾಗ ಕುಸಿಯಿತು. ಗದ್ದೆ ಬಯಲಿನ ನಡುವೆ ಮಣ್ಣಿನ ಏರಿ ಎಬ್ಬಿಸಿ, ಅದರ ಮೇಲೆ ಆರು ಪಥದ ರಸ್ತೆ ಕೂರಿಸಲಾಗಿತ್ತು. ಏರಿ ಜಾರುವಾಗ ಪಕ್ಕದ ಸರ್ವಿಸ್ ರಸ್ತೆಯನ್ನೂ ಎಳೆದುಕೊಂಡು ಹೋಯಿತು. ಕೆಳಗಿನ ಗದ್ದೆಮಣ್ಣಿಗೆ ಅಷ್ಟೊಂದು ಭಾರ ಹೊರುವ ತಾಕತ್ತಿರಲಿಲ್ಲ ಎಂಬುದು ಮೊದಲ ಪರಿಶೀಲನೆಯಲ್ಲೇ ಹೊರಬಿತ್ತು. ಕೇಂದ್ರ ಹೆದ್ದಾರಿ ಸಚಿವಾಲಯ ಗುತ್ತಿಗೆದಾರ ಕಂಪನಿಯನ್ನೂ ಸಲಹೆಗಾರ ಸಂಸ್ಥೆಯನ್ನೂ ಟೆಂಡರ್‌ಗಳಿಂದ ಹೊರಗಿಟ್ಟಿತು. ಏರಿ ಬಿದ್ದ ಜಾಗದಲ್ಲಿ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಕಂಬಗಳ ಮೇಲಿನ ಸೇತುವೆ ಕಟ್ಟಿಕೊಡಬೇಕೆಂದು ತೀರ್ಮಾನವಾಯಿತು.

ಗದ್ದೆಮಣ್ಣು ಮೆದುವೆಂಬುದು ಆ ಬಯಲಿನ ಯಾವ ರೈತನಿಗೂ ಹೊಸ ಸುದ್ದಿಯಲ್ಲ. ಹಾಗಿದ್ದರೆ ಆ ಸಂಗತಿ ಯಾವ ಕಾಗದದಲ್ಲಿ ಇರಬೇಕಿತ್ತು? ಯಾರು ಬರೆಯಬೇಕಿತ್ತು? ಬರೆಯದೆ ಬಿಟ್ಟಿದ್ದರೆ ಅದನ್ನು ಹಿಡಿಯಬೇಕಾಗಿದ್ದವರು ಯಾರು? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ನಾವು ತಲುಪುವುದು ಕಾಮಗಾರಿಯ ಜಾಗಕ್ಕಲ್ಲ, ಕರಾರಿನ ಪುಟಗಳಿಗೆ. ಪ್ರಾಥಮಿಕ ವಿನ್ಯಾಸವನ್ನು ಅಂತಿಮ ವಿನ್ಯಾಸವಾಗಿ ಮಾಗಿಸುವ ಹೊಣೆ ಯಾರದು, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಎಂದು ಅಲ್ಲಿ ಬರೆದಿರುತ್ತದೆ. ಹೆದ್ದಾರಿಯಲ್ಲಿ ಓಡಾಡುವ ಯಾರೂ ಆ ಪುಟಗಳನ್ನು ಓದುವುದಿಲ್ಲ. ಆ ಪುಟಗಳ ಪರಿಣಾಮ ಮಾತ್ರ ಎಲ್ಲರಿಗೂ ತಟ್ಟುತ್ತದೆ.

ಗೆರೆ ಎಳೆಯುವ ಕೆಲಸ

ಒಂದು ರಾಷ್ಟ್ರೀಯ ಹೆದ್ದಾರಿಯ ಯೋಜನೆ ಸಾಮಾನ್ಯವಾಗಿ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ ತಯಾರಿಸುವ ಕನ್ಸಲ್ಟೆಂಟ್ ನೇಮಕದಿಂದ ಶುರುವಾಗುತ್ತದೆ. ಈ ಕನ್ಸಲ್ಟೆಂಟ್ ಜತೆಗಿನ ಕರಾರಿನಲ್ಲಿ ಹಂತಗಳು ಸ್ಪಷ್ಟವಾಗಿರುತ್ತವೆ. ಮೊದಲು ಕೆಲಸವನ್ನು ಹೇಗೆ ಮಾಡುತ್ತೇವೆಂದು ಹೇಳುವ ಆರಂಭಿಕ ವರದಿ. ಆಮೇಲೆ ಕಾರ್ಯಸಾಧ್ಯತಾ ವರದಿ. ಅದರಲ್ಲಿ ರಸ್ತೆ ಹೋಗಬಹುದಾದ ಬೇರೆ ಬೇರೆ ಅಲೈನ್‌ಮೆಂಟ್‌ಗಳನ್ನು ಹೋಲಿಸಿ ಒಂದನ್ನು ಆರಿಸಲಾಗುತ್ತದೆ. ಬಳಿಕ ಭೂಸ್ವಾಧೀನ, ಅರಣ್ಯ ಮತ್ತು ಪರಿಸರ ಅನುಮತಿಯ ಕಾಗದಪತ್ರ, ಡಿಪಿಆರ್, ಕೊನೆಗೆ ಟೆಂಡರ್‌ಗೆ ಬೇಕಾದ ತಾಂತ್ರಿಕ ಷೆಡ್ಯೂಲ್‌ಗಳು.

ಇದಕ್ಕೆಲ್ಲ ಕೈಪಿಡಿಗಳಿವೆ. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿ, ಸರ್ವೆಯನ್ನು ಹೇಗೆ ಮಾಡಬೇಕು ಎಂಬುದರಿಂದ ಹಿಡಿದು ತಿರುವು ಎಷ್ಟು ಬಾಗಬಹುದು ಎಂಬುದರವರೆಗೆ ಎಲ್ಲವನ್ನೂ ಬರೆದಿಟ್ಟಿದೆ. ಗಂಟೆಗೆ 100 ಕಿ.ಮೀ ವೇಗಕ್ಕೆ ರೂಪಿಸಿದ ರಸ್ತೆಯಲ್ಲಿ ಚಾಲಕನಿಗೆ ಮುಂದಿನ 180 ಮೀಟರ್ ಕಾಣಲೇಬೇಕು. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಹಾಕಿ ನಿಲ್ಲಲು ಅಷ್ಟು ದೂರ ಬೇಕು. ರಾಷ್ಟ್ರೀಯ ಹೆದ್ದಾರಿಯ ಡಾಂಬರು ಪದರಗಳನ್ನು 20 ವರ್ಷದ ಸಂಚಾರ ಲೆಕ್ಕ ಹಾಕಿ ರೂಪಿಸಬೇಕು. ಸಂಚಾರದ ಎಣಿಕೆ ಹಗಲೂ ರಾತ್ರಿ ಏಳು ದಿನ ನಡೆಯಬೇಕು, ಹಂಗಾಮಿನ ಏರಿಳಿತಕ್ಕೆ ತಕ್ಕ ತಿದ್ದುಪಡಿಯಾಗಬೇಕು. ಮಂಡ್ಯದ ಕಡೆ ಕಬ್ಬು ಅರೆಯುವ ಕಾಲದಲ್ಲಿ ಎಣಿಸಿದರೆ ಒಂದು ಲೆಕ್ಕ, ಅರೆಯುವುದು ನಿಂತ ಮೇಲೆ ಎಣಿಸಿದರೆ ಇನ್ನೊಂದು ಲೆಕ್ಕ.

ಲಾರಿಗಳನ್ನು ಎಣಿಸಿದರಷ್ಟೇ ಸಾಲದು, ತೂಗಲೂಬೇಕು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡು ಪಟ್ಟಲ್ಲ, ಸರಿಸುಮಾರು 16 ಪಟ್ಟು. ಅದಿರು, ಕಲ್ಲು, ಮರಳು ಹೊತ್ತ ಲಾರಿಗಳ ದಾರಿಯಲ್ಲಿ ಆಕ್ಸಲ್ ಭಾರದ ಸಮೀಕ್ಷೆಯನ್ನು ನಾಮಕಾವಸ್ತೆ ಮಾಡಿದರೆ 20 ವರ್ಷಕ್ಕೆಂದು ಲೆಕ್ಕ ಹಾಕಿದ ರಸ್ತೆ ನಾಲ್ಕೈದು ಮಳೆಗಾಲಕ್ಕೇ ಬಾಯಿ ಬಿಡುತ್ತದೆ.

ಈ ಹಂತದ ನಕ್ಷೆ ಎಷ್ಟು ಸೂಕ್ಷ್ಮ? ರಸ್ತೆಯ ಉದ್ದಕ್ಕೂ ತೋರಿಸುವ ಹಾಳೆಯ ಅಳತೆ ಸಾಮಾನ್ಯವಾಗಿ 1:2500. ಅಂದರೆ ಹಾಳೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಎರಡೂವರೆ ಮೀಟರ್. ಒಂದು ದಪ್ಪ ಗೆರೆಯ ಅಡಿಯಲ್ಲಿ ಬಾವಿಯೊಂದು ಮುಚ್ಚಿಹೋಗಬಹುದು. ಏರಿಳಿತ ಕಣ್ಣಿಗೆ ಕಾಣಲೆಂದು ಲಂಬದ ಅಳತೆಯನ್ನು 1:250 ಇಟ್ಟು ಹತ್ತು ಪಟ್ಟು ಹಿಗ್ಗಿಸಿ ಬರೆಯುತ್ತಾರೆ. ಈಗ ವಿಮಾನ ಅಥವಾ ಡ್ರೋನ್‌ನಿಂದ ಲೇಸರ್ ಕಿರಣ ಹಾಯಿಸಿ ನೆಲದ ಎತ್ತರ ಅಳೆಯುವ ಲೈಡಾರ್, ನೆಲದೊಳಗಿನ ಪೈಪು, ಕೇಬಲ್ ಪತ್ತೆ ಮಾಡುವ ರೇಡಾರ್ ಎಲ್ಲ ಬಂದಿವೆ. ನೆಲದ ಮೇಲ್ಮೈ ಇಂದು ಚೆನ್ನಾಗಿಯೇ ಕಾಣುತ್ತದೆ. ಆದರೆ ಮಣ್ಣಿನ ಒಳಗುಣ ತಿಳಿಯಬೇಕಾದರೆ ಬೋರ್‌ಹೋಲ್ ಕೊರೆಯಲೇಬೇಕು, ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಅದಕ್ಕೆ ಹಣ ಬೇಕು, ಸಮಯ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಇನ್ನೊಬ್ಬರ ಜಮೀನಿನೊಳಗೆ ಹೋಗುವ ಹಕ್ಕು ಬೇಕು.

ಷೆಡ್ಯೂಲ್ ‘ಬಿ’ ಹೇಳುವುದೇನು

ಹಿಂದೆ ಹೆದ್ದಾರಿ ಗುತ್ತಿಗೆ ಬಹುಪಾಲು ಐಟಂ ದರದ ಪದ್ಧತಿಯಲ್ಲಿತ್ತು. ಸರ್ಕಾರವೇ ಪೂರ್ತಿ ನಕ್ಷೆ ಕೊಡುತ್ತಿತ್ತು. ಗುತ್ತಿಗೆದಾರ ಅದರಂತೆ ಕಟ್ಟುತ್ತಿದ್ದ, ಅಳತೆ ಪುಸ್ತಕದಲ್ಲಿ ಬರೆದಷ್ಟಕ್ಕೆ ಹಣ ಪಡೆಯುತ್ತಿದ್ದ. ನಕ್ಷೆ ತಪ್ಪಿದ್ದರೆ ಹೆಚ್ಚುವರಿ ಖರ್ಚು ಸರ್ಕಾರದ ತಲೆಗೆ ಬರುತ್ತಿತ್ತು. ಅಂದಾಜು ಏರುತ್ತ ಹೋಗುವುದು, ಅಳತೆಯ ಬಗ್ಗೆ ತಗಾದೆ, ಪಂಚಾಯ್ತಿಕೆ ಇವೆಲ್ಲ ಆ ಪದ್ಧತಿಯ ಅಂಗವೇ ಆಗಿದ್ದವು. ಇದರಿಂದ ಬೇಸತ್ತು ಕಳೆದ ದಶಕದ ಆರಂಭದಿಂದ ಇಪಿಸಿ ಮಾದರಿಗೆ ಹೊರಳಿದರು. ವಿನ್ಯಾಸ, ಸಾಮಗ್ರಿ ಖರೀದಿ, ನಿರ್ಮಾಣ ಮೂರನ್ನೂ ಒಬ್ಬನಿಗೇ ಒಟ್ಟು ಮೊತ್ತಕ್ಕೆ ವಹಿಸುವ ಕ್ರಮ ಇದು. 2016ರಿಂದ ಬಂದ ಹೈಬ್ರಿಡ್ ಆನ್ಯುಟಿ ಮಾದರಿಯಲ್ಲೂ ವಿನ್ಯಾಸದ ಹೊಣೆ ಕಟ್ಟುವವನದೇ. ಅಲ್ಲಿ ಸರ್ಕಾರ ನಿರ್ಮಾಣದ ವೇಳೆ ಶೇ 40ರಷ್ಟು ಕೊಟ್ಟು, ಉಳಿದದ್ದನ್ನು ಹಲವು ವರ್ಷಗಳ ಕಂತಿನಲ್ಲಿ ತೀರಿಸುತ್ತದೆ.

ಹೊಸ ಕ್ರಮದಲ್ಲಿ ಸರ್ಕಾರ ಪೂರ್ತಿ ನಕ್ಷೆ ಕೊಡುವುದಿಲ್ಲ. ತನಗೆ ಏನು ಬೇಕೆಂದು ಪಟ್ಟಿ ಕೊಡುತ್ತದೆ. ಕರಾರಿನ ಷೆಡ್ಯೂಲ್ ‘ಎ’ ಜಾಗವನ್ನು ವಿವರಿಸುತ್ತದೆ. ಷೆಡ್ಯೂಲ್ ‘ಬಿ’ ಆ ಜಾಗದಲ್ಲಿ ಏನೇನು ಕಟ್ಟಬೇಕೆಂದು ಹೇಳುತ್ತದೆ: ಯಾವ ಚೈನೇಜ್‌ನಲ್ಲಿ (ರಸ್ತೆಯ ಆರಂಭದಿಂದ ಎಷ್ಟು ದೂರದಲ್ಲಿ) ಬೈಪಾಸ್, ಎಲ್ಲಿ ಅಂಡರ್‌ಪಾಸ್, ಎಷ್ಟು ಮೋರಿ, ಎಲ್ಲಿಂದ ಎಲ್ಲಿಯವರೆಗೆ ಸರ್ವಿಸ್ ರಸ್ತೆ. ಷೆಡ್ಯೂಲ್ ‘ಸಿ’ ಟೋಲ್ ಪ್ಲಾಜಾ, ಬಸ್ ತಂಗುದಾಣ ಮುಂತಾದ ಸೌಲಭ್ಯಗಳದ್ದು. ಷೆಡ್ಯೂಲ್ ‘ಡಿ’ ಯಾವ ಕೈಪಿಡಿಯ ಪ್ರಕಾರ ಕಟ್ಟಬೇಕೆಂದು ನಿಗದಿ ಮಾಡುತ್ತದೆ. ಡಿಪಿಆರ್‌ನ ಸಾವಿರಾರು ಪುಟಗಳು ಭಟ್ಟಿ ಇಳಿದು ಬಂದು ಸೇರುವುದು ಈ ‘ಬಿ’ಗೆ. ನಿಮ್ಮೂರಿನ ಅಂಡರ್‌ಪಾಸ್ ಈ ಪಟ್ಟಿಯಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಇಲ್ಲಿ ಎರಡು ಷರತ್ತುಗಳನ್ನು ಗಮನಿಸಬೇಕು. ಒಂದು, ಸೇತುವೆ ಮುಂತಾದವುಗಳ ಉದ್ದವನ್ನು ವಿವರವಾದ ತನಿಖೆ ಮಾಡಿ ಗುತ್ತಿಗೆದಾರನೇ ಖಚಿತಪಡಿಸಿಕೊಳ್ಳಬೇಕು. ಪಟ್ಟಿಯಲ್ಲಿರುವ ಉದ್ದಕ್ಕಿಂತ ನಿಜವಾಗಿ ಬೇಕಾದ ಉದ್ದ ಹೆಚ್ಚಾದರೆ ಅದನ್ನು ಕಾಮಗಾರಿಯ ವ್ಯಾಪ್ತಿ ಬದಲಾವಣೆ ಎಂದು ಪರಿಗಣಿಸುವುದಿಲ್ಲ, ಅಂದರೆ ಹೆಚ್ಚಿನ ಹಣವಿಲ್ಲ. ಎರಡು, ಕರಾರಿನಲ್ಲಿ ‘ಡಿಸ್‌ಕ್ಲೇಮರ್’ ಎಂಬ ಇಡೀ ಒಂದು ವಿಧಿಯೇ ಇದೆ. ಜಾಗ, ಮಣ್ಣು, ಭೂಗರ್ಭ, ಸಂಚಾರ ಎಲ್ಲವನ್ನೂ ಗುತ್ತಿಗೆದಾರ ಸ್ವತಂತ್ರವಾಗಿ ಪರೀಕ್ಷಿಸಿಯೇ ಸಹಿ ಹಾಕಿದ್ದಾನೆ, ಸರ್ಕಾರ ಕೊಟ್ಟ ಮಾಹಿತಿಗೆ ಸರ್ಕಾರ ಜವಾಬ್ದಾರಿಯಲ್ಲ ಎಂಬುದು ಅದರ ಸಾರ. ಡಿಪಿಆರ್ ತಯಾರಿಸಲು ಸರ್ಕಾರವೇ ಕೋಟಿಗಟ್ಟಲೆ ಖರ್ಚು ಮಾಡುತ್ತದೆ. ಟೆಂಡರ್ ಕರೆಯುವ ದಿನ, ಇದನ್ನು ನಂಬಿ ಕೂರಬೇಡಿ ಎಂದೂ ತಾನೇ ಬರೆದುಕೊಡುತ್ತದೆ.

ಕಾಗದದ ಮೇಲೆ ಇದು ಜಾಣ ಏರ್ಪಾಡು. ತಿದ್ದುವ ಕೆಲಸವನ್ನು ನೆಲದ ಮೇಲೆ ನಿಂತಿರುವವನಿಗೇ ವಹಿಸಿದಂತಾಯಿತು, ಖರ್ಚಿನ ಹೊರೆಯನ್ನೂ ಅವನ ಮೇಲೇ ಹಾಕಿದಂತಾಯಿತು. ತೊಡಕಿರುವುದು ಒಟ್ಟು ಮೊತ್ತದಲ್ಲಿ. ದರ ಮೊದಲೇ ನಿಗದಿಯಾಗಿರುವುದರಿಂದ ವಿನ್ಯಾಸದಲ್ಲಿ ಉಳಿಸಿದ ಪ್ರತಿ ರೂಪಾಯಿ ಗುತ್ತಿಗೆದಾರನ ಜೇಬಿಗೆ, ಹೆಚ್ಚಿಸಿದ ಪ್ರತಿ ರೂಪಾಯಿ ಅವನ ಜೇಬಿನಿಂದ. ಇನ್ನಷ್ಟು ಬೋರ್‌ಹೋಲ್ ಕೊರೆಸಿದರೆ ಹೊರಬರುವುದು ಬಹುಶಃ ಕೆಟ್ಟ ಸುದ್ದಿ, ಅಂದರೆ ಹೆಚ್ಚಿನ ಖರ್ಚು. ಕೆಟ್ಟ ಸುದ್ದಿ ಹುಡುಕಿಕೊಂಡು ಹೋಗುವುದಕ್ಕೆ ಯಾರಿಗೂ ಉತ್ಸಾಹವಿರುವುದಿಲ್ಲ.

ಹದಿನೈದು ದಿನದ ಕಾವಲು

ಇದನ್ನು ಕರಾರು ಬರೆದವರು ಊಹಿಸಿಲ್ಲವೆಂದಲ್ಲ. ಗುತ್ತಿಗೆದಾರ ತನ್ನ ಕಡೆಯಿಂದ ಒಬ್ಬ ಡಿಸೈನ್ ಡೈರೆಕ್ಟರ್‌ನನ್ನು ನೇಮಿಸಬೇಕು. ಸರ್ವೆ, ತನಿಖೆ, ಮಾಹಿತಿ ಸಂಗ್ರಹ, ಪ್ರಾಥಮಿಕ ಮತ್ತು ವಿವರವಾದ ವಿನ್ಯಾಸ ಎಲ್ಲಕ್ಕೂ ಅವರೇ ಹೊಣೆ. ಸೇತುವೆಗಳಂಥ ರಚನೆಗಳ ಲೆಕ್ಕವನ್ನು ಇನ್ನೊಬ್ಬ ಸ್ವತಂತ್ರ ಸಲಹೆಗಾರ ಮೊದಲಿನಿಂದ ಪರಿಶೀಲಿಸಬೇಕು. ಇದಕ್ಕೆ ಪ್ರೂಫ್ ಚೆಕ್ ಎನ್ನುತ್ತಾರೆ. ಆಮೇಲೆ ನಕ್ಷೆಗಳು ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಮುಂದೆ ಬರುತ್ತವೆ. ನಕ್ಷೆ ಸಲ್ಲಿಸಿದರೆಂದರೆ, ಅದು ಕರಾರಿಗೂ ಕೈಪಿಡಿಗೂ ಕಾನೂನಿಗೂ ತಕ್ಕಂತಿದೆಯೆಂದು ಗುತ್ತಿಗೆದಾರನೇ ಖಾತ್ರಿ ಮಾಡಿಕೊಂಡಿದ್ದಾನೆ ಎಂದೇ ಅರ್ಥ.

ಪ್ರಾಧಿಕಾರದ ಎಂಜಿನಿಯರ್‌ಗೆ ಅದನ್ನು ನೋಡಿ ಅಭಿಪ್ರಾಯ ಹೇಳಲು 15 ದಿನ. ದೊಡ್ಡ ಸೇತುವೆ ಅಥವಾ ರಚನೆಯಾದರೆ 30 ದಿನದವರೆಗೆ ಹಿಗ್ಗಿಸಬಹುದು. ಆ ಅವಧಿಯೊಳಗೆ ಉತ್ತರ ಬರದಿದ್ದರೆ ಗುತ್ತಿಗೆದಾರ ಕಾಯಬೇಕಾಗಿಲ್ಲ. ತನ್ನ ಹೊಣೆಯ ಮೇಲೆ ಕೆಲಸ ಶುರು ಮಾಡಬಹುದು. ಉತ್ತರ ಬಂದರೂ, ಎಂಜಿನಿಯರ್ ನೋಡಿದ್ದರು ಎಂಬ ಕಾರಣಕ್ಕೆ ಗುತ್ತಿಗೆದಾರನ ಹೊಣೆ ಕಡಿಮೆಯಾಗುವುದಿಲ್ಲ, ಪ್ರಾಧಿಕಾರಕ್ಕೆ ಹೊಣೆ ಅಂಟುವುದೂ ಇಲ್ಲ.

ಈ ಸಾಲುಗಳನ್ನು ಒಟ್ಟಿಗೆ ಓದಿದರೆ ಒಂದು ಚಿತ್ರ ಮೂಡುತ್ತದೆ. ಡಿಪಿಆರ್ ಕನ್ಸಲ್ಟೆಂಟ್ ಬರೆದುಕೊಟ್ಟು ಹೋಗಿದ್ದಾನೆ; ಅವನ ಮಾಹಿತಿಗೆ ಸರ್ಕಾರ ಹೊಣೆಯಲ್ಲ. ಪರಿಶೀಲಿಸಿದ ಎಂಜಿನಿಯರ್ ಅಭಿಪ್ರಾಯವನ್ನಷ್ಟೇ ಹೇಳಿದ್ದಾನೆ; ಅವನೂ ಹೊಣೆಯಲ್ಲ. ಉಳಿದವನು ಗುತ್ತಿಗೆದಾರ. ಕಾನೂನಿನ ಕಣ್ಣಲ್ಲಿ ಹೊಣೆ ಒಬ್ಬನ ಹೆಗಲಿಗೆ ಬಂತು, ಅದು ಅಚ್ಚುಕಟ್ಟು. ಆದರೆ ತಪ್ಪು ಹಿಡಿಯುವ ಅವಕಾಶ ಮಾತ್ರ ಮೂರು ಕೈಗಳ ನಡುವೆ ಹಂಚಿಹೋಗಿದೆ. ಅಪಘಾತಗಳಿಗೆ ದೋಷಪೂರಿತ ಡಿಪಿಆರ್‌ಗಳೂ ಕಾರಣವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರೇ ಸಾರ್ವಜನಿಕ ವೇದಿಕೆಗಳಲ್ಲಿ ಹಲವು ಬಾರಿ ಹೇಳಿದ್ದಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ರಸ್ತೆಗಳ ಒಟ್ಟು ಉದ್ದದಲ್ಲಿ ಶೇ 2ರ ಆಸುಪಾಸಿನಲ್ಲಿರುವ ರಾಷ್ಟ್ರೀಯ ಹೆದ್ದಾರಿಗಳ ಮೇಲೆಯೇ ಆ ಸಾವುಗಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಸಂಭವಿಸಿದವು. ಎಲ್ಲವೂ ವಿನ್ಯಾಸದ ದೋಷದಿಂದಲ್ಲ, ನಿಜ. ಆದರೆ ವಿನ್ಯಾಸದ ದೋಷ ಚಾಲಕನ ದೋಷದಂತೆ ಒಮ್ಮೆ ಆಗಿ ಮುಗಿಯುವಂಥದಲ್ಲ. ಅದೇ ತಿರುವಿನಲ್ಲಿ ಅದೇ ತಪ್ಪು ಪ್ರತಿ ರಾತ್ರಿ ಕಾದು ಕೂತಿರುತ್ತದೆ.

ನೆಲ ನೋಡುವ ಮೊದಲೇ ಅಧಿಸೂಚನೆ

ಇಷ್ಟೆಲ್ಲ ಆದರೂ ಗುತ್ತಿಗೆದಾರ ಪ್ರಾಮಾಣಿಕನಾಗಿದ್ದಾನೆ, ಬೋರ್‌ಹೋಲ್ ಕೊರೆಸಿದ್ದಾನೆ, ಗೆರೆಯನ್ನು 50 ಮೀಟರ್ ಆಚೆ ಸರಿಸಿದರೆ ಒಳ್ಳೆಯದೆಂದು ಕಂಡುಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ಸರಿಸಬಲ್ಲನೆ? ಬಹುಮಟ್ಟಿಗೆ ಇಲ್ಲ. ಇಡೀ ವ್ಯವಸ್ಥೆಯ ಗಂಟು ಇರುವುದು ಇಲ್ಲಿ.

ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಪ್ರಕಾರ ಜಮೀನು ಬೇಕೆಂದು ಸರ್ಕಾರ ಮೊದಲು 3ಎ ಅಧಿಸೂಚನೆ ಹೊರಡಿಸುತ್ತದೆ. ಅದರಲ್ಲಿ ಸರ್ವೆ ನಂಬರ್‌ಗಳಿರುತ್ತವೆ. ಜಮೀನಿನಲ್ಲಿ ಹಿತಾಸಕ್ತಿ ಇರುವವರು 21 ದಿನದೊಳಗೆ 3ಸಿ ಅಡಿ ಆಕ್ಷೇಪಣೆ ಸಲ್ಲಿಸಬಹುದು. ಆಮೇಲೆ 3ಡಿ ಘೋಷಣೆ. ಅಲ್ಲಿಗೆ ಜಮೀನು ಕೇಂದ್ರ ಸರ್ಕಾರದ್ದು. 3ಎ ಆದ ಒಂದು ವರ್ಷದೊಳಗೆ 3ಡಿ ಆಗದಿದ್ದರೆ ಅಧಿಸೂಚನೆ ಬಿದ್ದುಹೋಗುತ್ತದೆ, ಹಾಗಾಗಿ ಎಲ್ಲರಿಗೂ ಅವಸರ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಪಹಣಿ, ಆಕಾರ್‌ಬಂದ್, ಹಿಸ್ಸಾ, ಪೋಡಿ ಒಂದಕ್ಕೊಂದು ತಾಳೆಯಾಗದೆ ಜಂಟಿ ಅಳತೆಯೇ ತಿಂಗಳುಗಟ್ಟಲೆ ಎಳೆಯುತ್ತದೆ. ಗೆರೆ ಸರಿದರೆ ಹೊಸ ಸರ್ವೆ ನಂಬರ್, ಹೊಸ ಸರ್ವೆ ನಂಬರ್‌ಗೆ ಹೊಸ 3ಎ, ಹೊಸ 3ಎಗೆ ಮತ್ತೆ 21 ದಿನ. ಅರಣ್ಯದೊಳಗೆ ಸರಿದರೆ ಮತ್ತೆ ಅರಣ್ಯ ಅನುಮತಿ. ಪರಿಸರ ಅನುಮತಿಯೂ ನಿರ್ದಿಷ್ಟ ಅಲೈನ್‌ಮೆಂಟ್‌ಗೆ ಸಿಕ್ಕಿರುತ್ತದೆ.

ಇನ್ನೊಂದು ಸಂಗತಿ ಕಾಯ್ದೆಯ 3ಬಿಯಲ್ಲಿದೆ. ಖಾಸಗಿ ಜಮೀನಿನೊಳಗೆ ಹೋಗಿ ಸರ್ವೆ ಮಾಡುವ, ಲೆವೆಲ್ ತೆಗೆಯುವ, ನೆಲ ಅಗೆದು ಕೊರೆಯುವ ಅಧಿಕಾರವನ್ನು ಅದು ಕೊಡುತ್ತದೆ. ಯಾವಾಗ? 3ಎ ಅಧಿಸೂಚನೆ ಹೊರಟ ಮೇಲೆ. ಅದಕ್ಕೂ ಮೊದಲು ಕೊರೆಯಬೇಕಾದರೆ ಜಮೀನಿನವರ ಒಪ್ಪಿಗೆಯೇ ಗತಿ. ತನ್ನ ಹೊಲದ ಮೇಲೆ ರಸ್ತೆ ಬರುತ್ತದೆಂಬ ಗುಮಾನಿ ಇರುವ ರೈತ ಬೋರ್ ಯಂತ್ರವನ್ನು ಒಳಗೆ ಬಿಟ್ಟಾನೆಯೆ? ಆದ್ದರಿಂದ ಮಣ್ಣಿನ ಸರಿಯಾದ ಪರೀಕ್ಷೆ ಬಹುಪಾಲು ಗೆರೆ ಘೋಷಣೆಯಾದ ಮೇಲೆಯೇ ನಡೆಯುತ್ತದೆ. ಲಗ್ನಪತ್ರಿಕೆ ಹಂಚಿದ ಮೇಲೆ ಜಾತಕ ನೋಡಲು ಕೂತಂತೆ. ಏನೇ ಕಂಡರೂ ಇನ್ನು ಹೊಂದಿಸಿಕೊಂಡು ಹೋಗಬೇಕಷ್ಟೆ.

ಇಪಿಸಿ ಕರಾರಿನ ಪ್ರಕಾರ ಕೆಲಸ ಆರಂಭವಾಗುವ ಹೊತ್ತಿಗೆ ಶೇ 90ರಷ್ಟು ಜಾಗ ಕೈಗೆ ಬಂದಿರಬೇಕು. ಒಳ್ಳೆಯ ನಿಯಮವೇ, ಇಲ್ಲದಿದ್ದರೆ ಅಲ್ಲೊಂದು ಇಲ್ಲೊಂದು ತುಂಡು ರಸ್ತೆ ಕಟ್ಟಿ ಯಂತ್ರಗಳು ಸುಮ್ಮನೆ ನಿಲ್ಲುತ್ತಿದ್ದವು. ಆದರೆ ಅದರ ಇನ್ನೊಂದು ಮುಖವೂ ಇದೆ. ವಿವರವಾದ ವಿನ್ಯಾಸ ಮಾಡಬೇಕಾದವನು ಕೈಗೆ ಪೆನ್ಸಿಲ್ ತೆಗೆದುಕೊಳ್ಳುವಾಗ ರಸ್ತೆ ಎಲ್ಲಿ ಹೋಗಬೇಕು, ಎಷ್ಟು ಅಗಲದಲ್ಲಿ ಹೋಗಬೇಕು ಎಂಬ ಪ್ರಶ್ನೆಗಳು ಮುಗಿದಿರುತ್ತವೆ. ಅವನಿಗೆ ಉಳಿದಿರುವುದು ಆ ನೆಲದ ಪಟ್ಟಿಯೊಳಗೆ ರಸ್ತೆಯನ್ನು ಹೇಗೆ ನಿಲ್ಲಿಸಬೇಕು ಎಂಬುದು ಮಾತ್ರ.

ಘಟ್ಟದ ಗಣಿತ

ಪಟ್ಟಿಯ ಅಗಲ ಮೊದಲೇ ನಿಗದಿಯಾದರೆ ಏನಾಗುತ್ತದೆಂಬುದನ್ನು ಘಟ್ಟದಲ್ಲಿ ನೋಡಬೇಕು. ರಸ್ತೆಗಾಗಿ ಗುಡ್ಡವನ್ನು 20 ಮೀಟರ್ ಎತ್ತರಕ್ಕೆ ಕಡಿಯಬೇಕೆಂದುಕೊಳ್ಳಿ. 45 ಡಿಗ್ರಿ ಇಳಿಜಾರಿನಲ್ಲಿ ಕಡಿದರೆ ರಸ್ತೆಯ ಅಂಚಿನಿಂದ ಗುಡ್ಡದೊಳಕ್ಕೆ ಇನ್ನೂ 20 ಮೀಟರ್ ಅಗಲದ ಜಾಗ ಬೇಕು. ನಾಲ್ಕು ಮೀಟರ್ ಎತ್ತರಕ್ಕೆ ಒಂದು ಮೀಟರ್ ಸರಿಯುವಷ್ಟು ಕಡಿದಾಗಿ ಕತ್ತರಿಸಿದರೆ ಐದೇ ಮೀಟರ್ ಸಾಕು. ನಡುವಿನ ಆ 15 ಮೀಟರ್ ಅರಣ್ಯವಾಗಿದ್ದರೆ ಅನುಮತಿ ಬೇಕು, ಕಾಫಿ ತೋಟವಾಗಿದ್ದರೆ ಪರಿಹಾರ ಬೇಕು, ಎರಡಕ್ಕೂ ಸಮಯ ಬೇಕು. ಪ್ರಾಥಮಿಕ ನಕ್ಷೆಯಲ್ಲಿ ಆ 15 ಮೀಟರ್ ಕೇಳಿರದಿದ್ದರೆ ವಿವರವಾದ ವಿನ್ಯಾಸಕಾರನ ಮುಂದೆ ಉಳಿಯುವ ದಾರಿಗಳು ಎರಡೇ: ಕಡಿದಾಗಿ ಕತ್ತರಿಸುವುದು, ಇಲ್ಲವೇ ದುಬಾರಿ ತಡೆಗೋಡೆ, ಬಂಡೆಗೆ ಉಕ್ಕಿನ ಮೊಳೆ, ಬಲೆ ಹಾಕುವುದು. ಒಟ್ಟು ಮೊತ್ತದ ಗುತ್ತಿಗೆಯಲ್ಲಿ ಮೊದಲನೆಯದರ ಆಕರ್ಷಣೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

2024ರ ಜುಲೈ ಮಳೆಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಗುಡ್ಡ ಮತ್ತೆ ಮತ್ತೆ ಜಾರಿ ಬೆಂಗಳೂರು–ಮಂಗಳೂರು ಸಂಪರ್ಕ ಕಡಿದುಹೋಗಿತ್ತು. ಅದೇ ತಿಂಗಳ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಗುಡ್ಡವನ್ನು ಇಷ್ಟು ನೆಟ್ಟಗೆ ಕತ್ತರಿಸಿದ್ದೇಕೆ ಎಂಬ ಪ್ರಶ್ನೆ ಎದ್ದಿತು. ಸುರಿದ ಮಳೆ, ಬಂಡೆಯ ಪದರ, ನೀರಿನ ಒರತೆ ಎಲ್ಲವೂ ಇಂಥ ಕುಸಿತಗಳಲ್ಲಿ ಪಾಲುದಾರರು. ಆದರೆ ಎಷ್ಟು ನೆಟ್ಟಗೆ ಎಂಬ ಪ್ರಶ್ನೆಗೆ ಉತ್ತರ ಜೆಸಿಬಿ ಚಾಲಕನ ಬಳಿಯಾಗಲೀ ಸೈಟ್ ಎಂಜಿನಿಯರ್ ಬಳಿಯಾಗಲೀ ಸಿಗುವುದಿಲ್ಲ. ಯಾವ ಘಟ್ಟದಲ್ಲೇ ಆಗಲಿ, ಮೊದಲು ಜಾಗದ ಗಡಿ ಹಾಕಿದ ದಿನದ ಹಾಳೆಯನ್ನು ತೆಗೆದು ನೋಡಬೇಕು.

ಚರಂಡಿಗೆ ಮಣ್ಣು ಬಿದ್ದದ್ದೇಕೆ

ಬಯಲುಸೀಮೆಯ ಪಾಠ ಬೇರೆ. 118 ಕಿ.ಮೀ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ವಾರದೊಳಗೇ ಮಳೆ ಬಂದು ರಾಮನಗರದ ಸಂಗಬಸವನದೊಡ್ಡಿ ಬಳಿ ಕೆಳಸೇತುವೆಯಲ್ಲಿ ನೀರು ನಿಂತಿತು. ಅದರ ಹಿಂದಿನ ಆಗಸ್ಟ್‌ನಲ್ಲೂ ಕೆರೆಗಳು ಕೋಡಿ ಹರಿದು ಇದೇ ರಾಮನಗರದ ಸುತ್ತ ರಸ್ತೆ ಹೊಳೆಯಾಗಿತ್ತು. ಮಾರ್ಚ್‌ನಲ್ಲಿ ನೀರು ನಿಂತದ್ದಕ್ಕೆ ಹೆದ್ದಾರಿ ಪ್ರಾಧಿಕಾರ ಕೊಟ್ಟ ಕಾರಣ ಕುತೂಹಲಕರ. ಗ್ರಾಮಸ್ಥರು ತಮ್ಮ ಹೊಲ ಮತ್ತು ಊರಿಗೆ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದರಂತೆ.

ಆ ವಿವರಣೆಯನ್ನೇ ಒಪ್ಪಿಕೊಂಡು ಮುಂದೆ ಯೋಚಿಸಿ. ಹೊಲಕ್ಕೆ ಹೋಗಲು ದಾರಿಯಿದ್ದವರು ಚರಂಡಿ ಮುಚ್ಚುವ ಕಷ್ಟಕ್ಕೆ ಹೋಗುವುದಿಲ್ಲ. ನೀರಿನ ದಾರಿ ಮತ್ತು ಜನರ ದಾರಿ ಒಂದೇ ಜಾಗದಲ್ಲಿ ಎದುರಾಗುತ್ತವೆ ಎಂಬುದು ನಕ್ಷೆಯಲ್ಲಿ ಕಾಣಿಸಬೇಕಿದ್ದ ಮಾತು. ಮೋರಿಯ ಬಾಯಿ ಎಷ್ಟಿರಬೇಕೆಂಬುದನ್ನು ಮಳೆಯ ಅಂಕಿಅಂಶ, ಜಲಾನಯನದ ವಿಸ್ತೀರ್ಣ ಹಿಡಿದು ಲೆಕ್ಕ ಹಾಕಬಹುದು. ಯಾವ ಕೆರೆಯ ಕೋಡಿ ಯಾವ ಹಳ್ಳಕ್ಕೆ ಬೀಳುತ್ತದೆ, ಸಂಜೆ ದನಗಳು ಎಲ್ಲಿ ದಾಟುತ್ತವೆ, ಶಾಲೆಯ ಮಕ್ಕಳು ಬಸ್ಸಿಗೆ ಯಾವ ಕಡೆಯಿಂದ ಬರುತ್ತಾರೆ ಎಂಬುದನ್ನು ಊರಿನವರೇ ಹೇಳಬೇಕು. ಕನ್ಸಲ್ಟೆಂಟ್ ಕರಾರಿನಲ್ಲಿ ಸಾರ್ವಜನಿಕ ಸಮಾಲೋಚನೆ ಕಡ್ಡಾಯ. ಅದು ಮುಗಿದದ್ದಕ್ಕೆ ಪುರಾವೆಯಾಗಿ ಹಾಜರಿ ಪಟ್ಟಿ ಮತ್ತು ಫೋಟೊ ಸಾಕೆಂದಾದಾಗ ಮಾತಿನ ಅಗತ್ಯವೇ ಉಳಿಯುವುದಿಲ್ಲ.

ಹೆದ್ದಾರಿ ತೆರೆದ ಮೊದಲ ತಿಂಗಳುಗಳಲ್ಲೇ ಅಪಘಾತಗಳ ಸಾವು ನೂರು ದಾಟಿ, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಪಾದಚಾರಿ ಮೇಲ್ಸೇತುವೆಗಳು, ಹೆಚ್ಚುವರಿ ಪ್ರವೇಶ ಮತ್ತು ನಿರ್ಗಮನ ದಾರಿಗಳು ಆಮೇಲಿನ ಯೋಜನೆಗಳಾಗಿ ಬಂದವು. ಇವು ಮೊದಲ ನಕ್ಷೆಯಲ್ಲೇ ಸೇರಿದ್ದರೆ ಒಂದು ಸಾಲಿನ ಕೆಲಸ. ರಸ್ತೆ ಓಡಲು ಶುರುವಾದ ಮೇಲೆ ಸೇರಿಸುವುದೆಂದರೆ ಹೊಸ ಅಂದಾಜು, ಹೊಸ ಟೆಂಡರ್, ಓಡುತ್ತಿರುವ ವಾಹನಗಳ ನಡುವೆ ಕ್ರೇನ್. ರಸ್ತೆ ಸುರಕ್ಷತಾ ಆಡಿಟ್‌ಗೆ ಐಆರ್‌ಸಿಯದೇ ಕೈಪಿಡಿ ಇದೆ. ಕಾರ್ಯಸಾಧ್ಯತೆಯ ಹಂತದಿಂದಲೇ ಹಂತ ಹಂತವಾಗಿ ಆಡಿಟ್ ನಡೆಯಬೇಕೆಂದು ಅದು ಹೇಳುತ್ತದೆ. ಕಾಗದದ ಹಂತದ ಆಡಿಟ್‌ಗೆ ತಗಲುವುದು ಕೆಲವರ ಕೆಲವು ವಾರದ ಸಂಬಳವಷ್ಟೆ.

ಎರಡು ಕೋರ್ಟು, ಎರಡು ಉತ್ತರ

ಕೊಟ್ಟ ನಕ್ಷೆ ತಪ್ಪಿದ್ದರೆ ಹೊಣೆ ಯಾರದೆಂಬ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದ ಬ್ರೂಕ್ಲಿನ್ ನೌಕಾಂಗಣದಲ್ಲಿ ಸ್ಪಿಯರಿನ್ ಎಂಬ ಗುತ್ತಿಗೆದಾರ ಹಡಗುಕಟ್ಟೆ ಕಟ್ಟುತ್ತಿದ್ದ. ಸರ್ಕಾರದ ನಕ್ಷೆಯಂತೆಯೇ ಅವನು ಸ್ಥಳಾಂತರಿಸಿದ ಒಳಚರಂಡಿ ಜೋರು ಮಳೆಗೆ ಒಡೆದು ಕಾಮಗಾರಿಯೆಲ್ಲ ಮುಳುಗಿತು. ಕೂಡಿಕೊಂಡಿದ್ದ ಇನ್ನೊಂದು ಚರಂಡಿಯೊಳಗೆ ಒಂದು ಅಡ್ಡಗಟ್ಟೆಯಿತ್ತು, ಅದು ನಕ್ಷೆಯಲ್ಲಿರಲಿಲ್ಲ. ಜಾಗ ನೋಡಿಕೊಳ್ಳಿ, ನಕ್ಷೆ ಪರಿಶೀಲಿಸಿಕೊಳ್ಳಿ ಎಂಬ ಮಾಮೂಲಿ ಷರತ್ತು ಬರೆದ ಮಾತ್ರಕ್ಕೆ ನಕ್ಷೆ ಕೊಟ್ಟವನ ಹೊಣೆ ತಪ್ಪುವುದಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1918ರಲ್ಲಿ ತೀರ್ಪು ಕೊಟ್ಟಿತು.

ಸುಮಾರು ನೂರು ವರ್ಷದ ನಂತರ, 2017ರಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮುಂದೆ ಸಮುದ್ರದೊಳಗಿನ ಗಾಳಿಯಂತ್ರಗಳ ಬುನಾದಿಯ ಪ್ರಕರಣ ಬಂತು. ಕರಾರಿನಲ್ಲಿ ಸೂಚಿಸಿದ್ದ ಅಂತರರಾಷ್ಟ್ರೀಯ ಮಾನದಂಡದ ಸೂತ್ರದಲ್ಲೇ ತಪ್ಪಿತ್ತು. ಬುನಾದಿಯ ಶಕ್ತಿಯನ್ನು ಅದು ಹತ್ತು ಪಟ್ಟಿನಷ್ಟು ಹೆಚ್ಚಾಗಿ ತೋರಿಸುತ್ತಿತ್ತು. ಗುತ್ತಿಗೆದಾರ ಆ ಮಾನದಂಡವನ್ನು ಅಕ್ಷರಶಃ ಪಾಲಿಸಿದ್ದ. ಆದರೂ ಕೋರ್ಟು ಅವನನ್ನೇ ಹೊಣೆ ಮಾಡಿತು. ಕೊಟ್ಟಿರುವುದು ಕನಿಷ್ಠ ಅಗತ್ಯ, ಹೆಚ್ಚು ಬೇಕಿದ್ದರೆ ನೀನೇ ಕಂಡುಕೊಳ್ಳಬೇಕು ಎಂದು ಕರಾರಿನಲ್ಲಿ ಬರೆದಿತ್ತು, ಮತ್ತು ಅವನು ಸಹಿ ಹಾಕಿದ್ದ.

ನಮ್ಮ ಷೆಡ್ಯೂಲ್ ‘ಬಿ’ ಎರಡನೆಯ ದಾರಿಯದು. ಇವೆರಡರ ನಡುವೆ ಇನ್ನೊಂದು ದಾರಿಯಿದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಫಿಡಿಕ್ ಸಂಸ್ಥೆಯ ‘ಹಳದಿ ಪುಸ್ತಕ’ದ ಮಾದರಿ ಕರಾರಿನಲ್ಲಿ, ಕೆಲಸ ಶುರುವಾದ ಮೇಲೆ ನಿಗದಿತ ಅವಧಿಯೊಳಗೆ ಮಾಲೀಕ ಕೊಟ್ಟ ಮಾಹಿತಿಯನ್ನು ಗುತ್ತಿಗೆದಾರ ಜರಡಿ ಹಿಡಿದು ತಪ್ಪುಗಳನ್ನು ಬರೆದು ತಿಳಿಸಬೇಕು. ಅನುಭವಿ ಗುತ್ತಿಗೆದಾರನೊಬ್ಬ ಟೆಂಡರ್‌ಗೆ ಮೊದಲೇ ಗುರುತಿಸಬಹುದಾಗಿದ್ದ ತಪ್ಪಾದರೆ ಖರ್ಚು ಅವನದು. ಎಷ್ಟು ಎಚ್ಚರದಿಂದಿದ್ದರೂ ಕಾಣದ ತಪ್ಪಾದರೆ ಸಮಯ, ಹಣ ಎರಡನ್ನೂ ಮಾಲೀಕ ಕೊಡಬೇಕು. ಇಲ್ಲಿ ತಪ್ಪು ಹುಡುಕಿದವನಿಗೆ ಶಿಕ್ಷೆಯಿಲ್ಲ. ಕೆಟ್ಟ ಸುದ್ದಿಯನ್ನು ಮುಚ್ಚಿಡುವುದಕ್ಕಿಂತ ಹೇಳುವುದು ಲಾಭಕರವಾಗುತ್ತದೆ.

ಯಾವ ವಾರ ಬಾಯಿ ಬಿಡಬೇಕು

ಆಗಬೇಕಾದದ್ದು ಕಷ್ಟವೇನಲ್ಲ. ಗೆರೆ ಗಟ್ಟಿಯಾಗುವ ಮೊದಲೇ ಮಣ್ಣು ನೋಡಬೇಕು: ಗದ್ದೆ ಬಯಲು, ಕೆರೆಯಂಗಳ, ಘಟ್ಟದ ತಪ್ಪಲಿನಂಥ ಸಂಶಯದ ಜಾಗಗಳಲ್ಲಾದರೂ ಕಾರ್ಯಸಾಧ್ಯತೆಯ ಹಂತದಲ್ಲೇ ಬೋರ್‌ಹೋಲ್ ಕೊರೆಸಬೇಕು. ಬೆಳೆ ಹಾಳಾದದ್ದಕ್ಕೆ ಸ್ಥಳದಲ್ಲೇ ಹಣ ಕೊಟ್ಟರೆ ಬಹಳಷ್ಟು ರೈತರು ಒಪ್ಪುತ್ತಾರೆ. ಘಟ್ಟದಲ್ಲಿ ಜಾಗದ ಅಗಲವನ್ನು ಪಥಗಳ ಸಂಖ್ಯೆಯಿಂದಲ್ಲ, ಇಳಿಜಾರಿನ ಲೆಕ್ಕದಿಂದ ನಿಗದಿ ಮಾಡಬೇಕು. ಡಿಪಿಆರ್ ಕನ್ಸಲ್ಟೆಂಟ್‌ನ ಸಂಭಾವನೆಯಲ್ಲಿ ಒಂದು ಪಾಲನ್ನು ರಸ್ತೆ ಮುಗಿಯುವವರೆಗೆ ತಡೆದಿಡಬೇಕು, ಅವನ ಅಂದಾಜು ನೆಲದ ಮೇಲೆ ಎಷ್ಟು ನಿಜವಾಯಿತೆಂದು ಆಗ ತಾಳೆ ನೋಡಬೇಕು.

ಅಲ್ಲಿಯವರೆಗೆ ಹೆದ್ದಾರಿಯ ಪಕ್ಕದ ಊರಿನವರು ಮಾಡಬಹುದಾದದ್ದೂ ಇದೆ. 3ಎ ಅಧಿಸೂಚನೆಯ ಸಾರಾಂಶ ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಬರಲೇಬೇಕು. ಅಧಿಸೂಚನೆ ಪ್ರಕಟವಾದಂದಿನಿಂದ 21 ದಿನ ಆಕ್ಷೇಪಣೆಗೆ ಅವಕಾಶ, ಅದೂ ಜಮೀನಿನಲ್ಲಿ ಹಿತಾಸಕ್ತಿ ಇರುವವರಿಗೆ ಮಾತ್ರ. ಪರಿಸರ ಮತ್ತು ಅರಣ್ಯ ಅನುಮತಿಯ ಅರ್ಜಿಗಳು ಪರಿವೇಶ್ ಪೋರ್ಟಲ್‌ನಲ್ಲಿ ಇರುತ್ತವೆ. ಟೆಂಡರ್ ದಾಖಲೆಗಳ ಜತೆ ಷೆಡ್ಯೂಲ್‌ಗಳೂ ಬರುತ್ತವೆ, ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಗ್ರಾಮ ಪಂಚಾಯಿತಿ ನಿರ್ಣಯವೊಂದನ್ನು ಮಾಡಿ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ನಮ್ಮೂರು ಯಾವ ಚೈನೇಜ್‌ನಲ್ಲಿ ಬರುತ್ತದೆ? ಅಲ್ಲಿ ಷೆಡ್ಯೂಲ್ ‘ಬಿ’ಯಲ್ಲಿ ಅಂಡರ್‌ಪಾಸ್ ಇದೆಯೆ, ಇದ್ದರೆ ಕಬ್ಬಿನ ಗಾಡಿ ಅದರೊಳಗೆ ಹೋಗುತ್ತದೆಯೆ? ನಮ್ಮ ಕೆರೆಯ ಕೋಡಿ ನೀರಿಗೆ ಯಾವ ಮೋರಿ? ಇಲ್ಲಿ ಬೋರ್‌ಹೋಲ್ ಕೊರೆದಿದ್ದಾರೆಯೆ?

ಇವನ್ನು ಡಿಪಿಆರ್ ನಡೆಯುವಾಗ ಕೇಳಿದರೆ ಕನ್ಸಲ್ಟೆಂಟ್ ಕಂಪ್ಯೂಟರಿನಲ್ಲಿ ಒಂದು ಗೆರೆ ಬದಲಿಸುತ್ತಾನೆ. ಟೆಂಡರ್ ಆದ ಮೇಲೆ ಕೇಳಿದರೆ ಅದು ‘ಚೇಂಜ್ ಆಫ್ ಸ್ಕೋಪ್’. ಅಂದಾಜು ತಯಾರಾಗಬೇಕು, ಪ್ರಾದೇಶಿಕ ಕಚೇರಿ ದಾಟಬೇಕು, ದಿಲ್ಲಿಯ ಒಪ್ಪಿಗೆ ಬರಬೇಕು. ರಸ್ತೆ ಮುಗಿದ ಮೇಲೆ ಕೇಳುವವರು ಟೋಲ್ ಪ್ಲಾಜಾ ಮುಂದೆ ಧರಣಿ ಕೂರಬೇಕಾಗುತ್ತದೆ. ಬೇಡಿಕೆ ಮೂರೂ ಸಲ ಒಂದೇ, ಅದರ ಬೆಲೆ ಮಾತ್ರ ಸಲದಿಂದ ಸಲಕ್ಕೆ ಏರುತ್ತದೆ.